ಜೇಜು ದ್ವೀಪದ ಮುಳುಗುಗಾರ್ತಿಯರ ಕಥೆಗಳಲ್ಲಿ ಗೆಳೆತನ ಯಾಕೆ ಅಷ್ಟು ದೊಡ್ಡ ವಿಷಯ

ಕೊರಿಯಾದ ಜೇಜು ದ್ವೀಪದಲ್ಲಿ ಸಿಲಿಂಡರ್ ಇಲ್ದೆ ಬರೀ ಉಸಿರು ಹಿಡ್ಕೊಂಡು ಸಮುದ್ರದ ತಳಕ್ಕೆ ಇಳಿಯೋ ಹೆಂಗಸರಿದ್ದಾರೆ, ಅವ್ರನ್ನ ಹೇನ್ಯೊ ಅಂತಾರೆ, ಅಂದ್ರೆ ಕಡಲ ಹೆಣ್ಣು. ಇತ್ತೀಚೆಗೆ ಇವ್ರ ಬಗ್ಗೆ ಐತಿಹಾಸಿಕ ಕಾದಂಬರಿಗಳು, ಸೀರಿಯಲ್‌ಗಳು ಬರ್ತಾನೇ ಇವೆ, ನಮ್ಮಲ್ಲಿ ಕೊರಿಯನ್ ಸೀರಿಯಲ್ ನೋಡೋರಿಗಂತೂ ಕಪ್ಪು ರಬ್ಬರ್ ಸೂಟ್ ಹಾಕ್ಕೊಂಡ ಆ ಅಜ್ಜಿಯರ ಮುಖ ಪರಿಚಯ ಆಗ್ಬಿಟ್ಟಿದೆ. ಆದ್ರೆ ಈ ಕಥೆಗಳನ್ನ ಓದಿದವರು ಒಂದು ಕಡೆ ನಿಂತ್ಬಿಡ್ತಾರೆ, ನಾನೂ ನಿಂತಿದ್ದೆ. ಜೀವಕ್ಕೆ ಜೀವ ಅನ್ನೋ ಹಾಗಿದ್ದ ಹೆಂಗಸರು, ಒಂದೇ ನೀರಲ್ಲಿ ಮುಳುಗಿ ಎದ್ದವರು, ಯುದ್ಧ ಎಲ್ಲಾ ಮುಗಿದು ಎಷ್ಟೋ ವರ್ಷ ಆದ್ಮೇಲೂ ಒಬ್ಬರ ಹತ್ರ ಒಬ್ಬರು ಬಾಯಿ ಬಿಡಲ್ಲ. ಇದೇನು, ಇಷ್ಟೊಂದು ಹಟವಾ ಅನ್ಸುತ್ತೆ. ಅದು ಹಟ ಅಲ್ಲ. ಅದು ಅರ್ಥ ಆಗ್ಬೇಕು ಅಂದ್ರೆ ಅವ್ರ ಕೆಲಸ ಏನು, ಆ ಕೆಲಸಕ್ಕೆ ಗೆಳೆತಿ ಯಾಕೆ ಬೇಕು, ಆಮೇಲೆ 1948ರಲ್ಲಿ ಆ ದ್ವೀಪದಲ್ಲಿ ಏನಾಯ್ತು ಅನ್ನೋದು ಗೊತ್ತಿರ್ಬೇಕು.

ಮೊದ್ಲು ದ್ವೀಪದ ವಿಷಯ. ಜೇಜು ಜ್ವಾಲಾಮುಖಿಯಿಂದ ಹುಟ್ಟಿದ ನೆಲ, ನಡುವೆ ಹಲ್ಲಾಸಾನ್ ಬೆಟ್ಟ, ಸುಮಾರು 1,950 ಮೀಟರ್ ಎತ್ತರ, ಸುತ್ತ ಕಪ್ಪು ಕಲ್ಲು. ಮಳೆ ಚೆನ್ನಾಗಿ ಬರುತ್ತೆ, ಆದ್ರೆ ನೀರು ನಿಲ್ಲಲ್ಲ, ತೂತು ತೂತಾದ ಕಲ್ಲಲ್ಲಿ ಇಳಿದು ಹೋಗುತ್ತೆ, ಹಾಗಾಗಿ ಭತ್ತ ಬೆಳೆಯೋದು ಕಷ್ಟ, ಸಿರಿಧಾನ್ಯ, ಬಾರ್ಲಿ, ಗೆಣಸು ಇವೇ ಹೊಟ್ಟೆಗೆ. ಗಾಳಿ, ಕಲ್ಲು, ಹೆಂಗಸರು ಈ ಮೂರು ಜಾಸ್ತಿ ಇರೋ ದ್ವೀಪ ಅಂತ ಕೊರಿಯಾದಲ್ಲಿ ಹಳೇ ಮಾತಿದೆ. ಹೆಂಗಸರು ಯಾಕೆ ಜಾಸ್ತಿ? ದೋಣಿ ತಗೊಂಡು ಹೋದ ಗಂಡಸರು ಎಷ್ಟೋ ಜನ ವಾಪಸ್ ಬರ್ತಿರ್ಲಿಲ್ಲ. ಇನ್ನೊಂದು ಕಾರಣ ಅರಮನೆಯದ್ದು. ಅಬಲೋನಿ ಅಂತ ಒಂದು ದೊಡ್ಡ ಕಪ್ಪೆಚಿಪ್ಪಿನಂಥ ಪ್ರಾಣಿ ಇದೆ, ಬಂಡೆಗೆ ಅಂಟ್ಕೊಂಡಿರುತ್ತೆ, ರಾಜನ ಊಟಕ್ಕೆ ಅದನ್ನ ಕಪ್ಪವಾಗಿ ಕೊಡ್ಬೇಕಿತ್ತು. ಹಿಂದೆ ಅದನ್ನ ಕೀಳೋ ಕೆಲಸ ಗಂಡಸರದ್ದೇ, ಆದ್ರೆ ಕಪ್ಪದ ಭಾರ ತಡೆಯೋಕಾಗ್ದೆ ಜನ ದ್ವೀಪ ಬಿಟ್ಟು ಓಡಿಹೋಗೋಕೆ ಶುರು ಮಾಡಿದ್ರು, 1629ರಲ್ಲಿ ಯಾರೂ ದ್ವೀಪ ಬಿಟ್ಟು ಹೋಗೋ ಹಾಗಿಲ್ಲ ಅಂತ ಆಜ್ಞೆ ಬಂತು, ಅದು ಸುಮಾರು 200 ವರ್ಷ ಜಾರಿಯಲ್ಲಿತ್ತು. ಗಂಡಸರು ಕಮ್ಮಿ ಆದ ಹಾಗೆಲ್ಲಾ ಆ ಭಾರ ನಿಧಾನಕ್ಕೆ ಹೆಂಗಸರ ತಲೆಗೆ ಬಂತು. ಸಮುದ್ರದ ಮೇಲಿನ ಆಸೆಗೆ ಯಾರೂ ಈ ಕೆಲಸಕ್ಕೆ ಇಳಿದವರಲ್ಲ ಅನ್ನೋದನ್ನ ನೆನಪಲ್ಲಿ ಇಟ್ಕೋಬೇಕು.

ಈಗ ಕೆಲಸ. ನಮ್ಮೂರ ಬಾವೀಲಿ ಸೊಂಟಕ್ಕೆ ಸೋರೆಬುರುಡೆ ಕಟ್ಕೊಂಡು ಈಜು ಕಲಿತವರಿಗೆ ಇದು ತಕ್ಷಣ ಗೊತ್ತಾಗುತ್ತೆ, ಯಾಕಂದ್ರೆ ಅವ್ರ ಮುಖ್ಯ ಸಾಮಾನೂ ಅದೇ, ಒಣಗಿಸಿದ ಸೋರೆಬುರುಡೆ, ಅದಕ್ಕೆ ತೇವಾಕ್ ಅಂತಾರೆ. ಅದು ನೀರ ಮೇಲೆ ತೇಲ್ತಾ ಇರುತ್ತೆ, ಅದರ ಕೆಳಗೆ ಒಂದು ಬಲೆ ಚೀಲ, ಕಿತ್ತಿದ್ದನ್ನೆಲ್ಲಾ ಅದಕ್ಕೆ ತುಂಬೋದು, ಸುಸ್ತಾದಾಗ ಬುರುಡೆ ಮೇಲೆ ಎದೆ ಊರಿ ಸುಧಾರಿಸ್ಕೊಳ್ಳೋದು. ಈಗ ಬುರುಡೆ ಹೋಗಿ ಥರ್ಮೊಕೋಲ್ ಬಂದಿದೆ. ಒಂದು ಸಲ ಮುಳುಗಿದ್ರೆ ಒಂದು ನಿಮಿಷ, ಕೆಲವ್ರು ಎರಡು ನಿಮಿಷದವರೆಗೂ, ಆಳ ಸಾಮಾನ್ಯವಾಗಿ 10 ಮೀಟರ್ ಒಳಗೆ, ನುರಿತವರು ಅದಕ್ಕೂ ಕೆಳಗೆ. ಮೇಲೆ ಬಂದಾಗ ಒಳಗಿನ ಕೆಟ್ಟ ಗಾಳಿ ಒಂದೇ ಸಲಕ್ಕೆ ಬಿಟ್ಟು ಹೊಸ ಉಸಿರು ಎಳ್ಕೊಳ್ಳೋವಾಗ ತುಟಿ ನಡುವೆ ಸಿಳ್ಳೆ ಥರ ಒಂದು ಸದ್ದು ಬರುತ್ತೆ, ಅದಕ್ಕೆ ಸುಂಬಿಸೊರಿ ಅನ್ನೋ ಹೆಸರು. ಕೇಳೋರಿಗೆ ಅದು ಹಕ್ಕಿ ಕೂಗಿದ ಹಾಗೆ ಇಂಪಾಗಿ ಇರುತ್ತೆ, ಆದ್ರೆ ಜೊತೆಯವಳಿಗೆ ಅದರ ಅರ್ಥ ಒಂದೇ, ಅವಳು ಇನ್ನೂ ಇದ್ದಾಳೆ.

ಅಬಲೋನಿ ಕೀಳೋಕೆ ಬಿಚ್ಚಾಂಗ್ ಅಂತ ಒಂದು ಚಪ್ಪಟೆ ಕಬ್ಬಿಣದ ಮೀಟುಗೋಲು, ಅದಕ್ಕೊಂದು ದಾರ, ಕೈಗೆ ಸಿಕ್ಕಿಸ್ಕೊಂಡಿರ್ತಾರೆ, ಇಲ್ದಿದ್ರೆ ನೀರಲ್ಲಿ ಜಾರಿ ಹೋಗುತ್ತೆ. ಇಲ್ಲೇ ಸಾವು ಇರೋದು. ಅಬಲೋನಿ ಗೊತ್ತಾಗದ ಹಾಗಿದ್ದಾಗ ಒಂದೇ ಏಟಿಗೆ ಎಬ್ಬಿಸ್ಬೇಕು, ಎಬ್ಬಿಸೋದು ತಪ್ಪಿದ್ರೆ ಅದು ಇಡೀ ಶಕ್ತಿ ಹಾಕಿ ಬಂಡೆಗೆ ಕಚ್ಕೊಂಡ್ಬಿಡುತ್ತೆ, ಅದರ ಅಡಿಗೆ ಹೋಗಿರೋ ಕಬ್ಬಿಣ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ, ಕಬ್ಬಿಣಕ್ಕೆ ಕಟ್ಟಿದ ದಾರ ಕೈಯಲ್ಲಿ, ಎದೇಲಿ ಉಳಿದಿರೋ ಉಸಿರು ಕೆಲವೇ ಸೆಕೆಂಡಿಂದು. ದಾರ ಬಿಚ್ಚೋಕೆ ಬಂದ್ರೆ ಬದುಕು. ಬರ್ದೆ ಇದ್ರೆ ನೀರೊಳಗೇ ಬಾಯಿ ತೆರೆದು ಉಸಿರು ಎಳೀತಾರೆ, ಅದಕ್ಕೂ ಒಂದು ಪದ ಇದೆ, ಮುಲ್‌ಸುಮ್, ನೀರುಸಿರು. ಉಸಿರು ಮುಗೀತಾ ಬಂದಾಗ ಕಣ್ಣಿಗೆ ಬಿದ್ದ ದೊಡ್ಡ ಚಿಪ್ಪಿನ ಆಸೆಗೆ ಹೋದವರು ನೀರುಸಿರು ಕುಡೀತಾರೆ ಅಂತ ಅಮ್ಮಂದಿರು ಹೆಣ್ಮಕ್ಕಳಿಗೆ ಮೊದ್ಲು ಕಲಿಸೋ ಪಾಠ. ಆ ಲೋಕದಲ್ಲಿ ದುಡಿದು ಈ ಲೋಕದಲ್ಲಿ ಖರ್ಚು ಮಾಡ್ತೀವಿ ಅನ್ನೋದು ಅವ್ರದ್ದೇ ಗಾದೆ.

ಹಾಗಾಗಿ ಒಬ್ಬಳೇ ಇಳಿಯೋದು ಅನ್ನೋದೇ ಇಲ್ಲ. ಗುಂಪಲ್ಲೇ ಹೋಗ್ಬೇಕು, ಪಕ್ಕದವಳ ಬುರುಡೆ ಕಣ್ಣಳತೆಯಲ್ಲಿ ಇರ್ಬೇಕು, ಅವಳ ಸಿಳ್ಳೆ ಕಿವಿಗೆ ಬೀಳ್ತಾ ಇರ್ಬೇಕು, ತಡ ಆದ್ರೆ ಹುಡುಕೋಕೆ ಇಳಿಯೋದು ಇವಳೇ. ದಡದಲ್ಲಿ ಬುಲ್‌ತೊಕ್ ಅಂತ ಒಂದು ಜಾಗ, ಕಪ್ಪು ಕಲ್ಲನ್ನ ಗುಂಡಗೆ ಪೇರಿಸಿ ಗಾಳಿ ತಡೆಯೋ ಹಾಗೆ ಕಟ್ಟಿರೋದು, ಮೇಲೆ ಸೂರಿಲ್ಲ, ನಡುವೆ ಬೆಂಕಿ. ಬಟ್ಟೆ ಬದಲಾಯಿಸೋದು, ಮೈ ಕಾಯಿಸ್ಕೊಳ್ಳೋದು, ಕೂಸಿಗೆ ಹಾಲು ಕುಡಿಸೋದು, ಇವತ್ತು ಯಾವ ಕಡೆ ಇಳಿಯೋದು ಅಂತ ತೀರ್ಮಾನ ಮಾಡೋದು, ಜಗಳ ಬಗೆಹರಿಸೋದು ಎಲ್ಲಾ ಅಲ್ಲೇ. ಕೌಶಲ ನೋಡಿ ಮೇಲಿನವರು, ನಡುವಿನವರು, ಕೆಳಗಿನವರು ಅಂತ ಮೂರು ದರ್ಜೆ, ಬೆಂಕಿ ಸುತ್ತ ಯಾರು ಎಲ್ಲಿ ಕೂರ್ಬೇಕು ಅನ್ನೋದೂ ಅದರ ಪ್ರಕಾರನೇ, ಹೊಗೆ ಬರ್ದೆ ಇರೋ ಕಡೆ ಹಿರಿಯರಿಗೆ. ಎಷ್ಟೋ ಊರಲ್ಲಿ ದಡದ ಹತ್ರದ ಆಳ ಇಲ್ಲದ ನೀರನ್ನ ವಯಸ್ಸಾದವರಿಗೆ ಅಂತಾನೇ ಬಿಟ್ಟಿರ್ತಾರೆ, ಅದರ ಹೆಸರೇ ಅಜ್ಜಿ ಕಡಲು, ಗಟ್ಟಿ ಇರೋರು ಅಲ್ಲಿ ಕೈ ಹಾಕಂಗಿಲ್ಲ. ಈ ಕಟ್ಟುಪಾಡು ನನಗೆ ತುಂಬಾ ಇಷ್ಟ, ಯಾಕಂದ್ರೆ ಕೈಲಾಗದವರಿಗೂ ಸಮುದ್ರದಲ್ಲಿ ಒಂದು ಪಾಲಿದೆ ಅಂತ ಊರೇ ಒಪ್ಕೊಂಡಿರೋದು ಅದು.

ಈಗ ಗೊತ್ತಾಯ್ತಲ್ಲ, ಇಲ್ಲಿ ಗೆಳೆತನ ಅನ್ನೋದು ಮನಸಿನ ಸಂತೋಷಕ್ಕೆ ಇರೋದಲ್ಲ, ಹಗ್ಗ, ಬುರುಡೆ ಇದ್ದ ಹಾಗೆ ಅದೂ ಒಂದು ಜೀವ ಉಳಿಸೋ ಸಾಮಾನು. ಜೊತೆಯವಳ ಮೇಲೆ ನಂಬಿಕೆ ಹೋದ್ರೆ ನೀರಿಗೆ ಇಳಿಯೋಕೇ ಆಗಲ್ಲ.

ಚಳಿ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ರಬ್ಬರ್ ಸೂಟ್ ಬಂದಿದ್ದು 1970ರ ದಶಕದಲ್ಲಿ, ಅಲ್ಲೀವರೆಗೆ ತೆಳ್ಳನೆ ಹತ್ತಿ ಬಟ್ಟೆ, ಅದರಲ್ಲೇ ಚಳಿಗಾಲದ 10 ಡಿಗ್ರಿ ನೀರಿಗೆ ಇಳಿದು ಮೈ ಬಿಸಿ 35 ಡಿಗ್ರಿಗೆ ಇಳಿಯೋವರೆಗೂ ಕೆಲಸ ಮಾಡಿ ಬಂದು ಬೆಂಕಿ ಮುಂದೆ ಕೂತು ಮತ್ತೆ ಇಳೀತಿದ್ರು, ಬಸುರಿ ಹೆಂಗಸರೂ ದಿನ ತುಂಬೋವರೆಗೂ ಇಳೀತಿದ್ರು. 1960ರ ದಶಕದಲ್ಲಿ ಹಾಂಗ್ ಸುಕ್ ಕಿ ಅನ್ನೋ ಶರೀರಶಾಸ್ತ್ರಜ್ಞರು ಇವ್ರನ್ನ ಪರೀಕ್ಷೆ ಮಾಡಿದಾಗ ಚಳಿಗಾಲದಲ್ಲಿ ಇವ್ರ ದೇಹ ಜಾಸ್ತಿ ಶಾಖ ಹುಟ್ಟಿಸುತ್ತೆ ಅಂತ ಗೊತ್ತಾಯ್ತು, ರಬ್ಬರ್ ಸೂಟ್ ಹಾಕೋಕೆ ಶುರು ಮಾಡಿದ್ಮೇಲೆ ಕೆಲವೇ ವರ್ಷದಲ್ಲಿ ಆ ಗುಣ ಹೊರಟೇಹೋಯ್ತು. ಇದಲ್ದೆ 19ನೇ ಶತಮಾನದ ಕೊನೆಯಿಂದ ಕೂಲಿಗೆ ಗುಳೆ ಹೋಗೋದೂ ಶುರುವಾಯ್ತು, ಬುಸಾನ್, ಜಪಾನ್, ಚೀನಾದ ತೀರ, ರಷ್ಯಾದ ವ್ಲಾಡಿವಸ್ತೋಕ್‌ವರೆಗೂ ಹೆಂಗಸರ ಗುಂಪುಗಳು ತಿಂಗಳುಗಟ್ಟಲೆ ಮನೆ ಬಿಟ್ಟು ಹೋಗ್ತಿದ್ವು. ಮನೆ ಬಿಟ್ಟು ಹೊರಗೆ ಹೋದ ಹೆಂಗಸರು ಲೆಕ್ಕ ಕೇಳೋದು ಕಲಿತ್ರು.

1910ರಲ್ಲಿ ಜಪಾನ್ ಕೊರಿಯಾನ ನುಂಗಿಹಾಕ್ತು. 1920ರಲ್ಲಿ ಜೇಜುನಲ್ಲಿ ಹೇನ್ಯೊ ಮೀನುಗಾರಿಕೆ ಸಂಘ ಅಂತ ಒಂದು ಶುರುವಾಯ್ತು, ಹೆಸರಿಗೆ ಹೆಂಗಸರ ರಕ್ಷಣೆಗೆ, ಆದ್ರೆ ಮುಂದೆ ದ್ವೀಪದ ಜಪಾನಿ ಆಡಳಿತಾಧಿಕಾರಿಯೇ ಅದಕ್ಕೂ ಮುಖ್ಯಸ್ಥ ಆಗಿ ಕೂತ. ಶುಲ್ಕ, ಕಮಿಷನ್ ಎಲ್ಲಾ ಮುರ್ಕೊಂಡು, ಗೊತ್ತು ಮಾಡಿದ ವ್ಯಾಪಾರಿಗೇ ಮಾರ್ಬೇಕು, ಅವನು ಹೇಳಿದ್ದೇ ರೇಟು. ಹಾದೋ ಅನ್ನೋ ಊರಲ್ಲಿ ರಾತ್ರಿ ಶಾಲೆ ಇತ್ತು, ಹಗಲು ಮುಳುಗಿ ಬಂದ ಹುಡುಗೀರು ರಾತ್ರಿ ಅಲ್ಲಿ ಓದು ಬರಹ ಲೆಕ್ಕ ಕಲೀತಿದ್ರು. ಲೆಕ್ಕ ಕಲಿತವಳಿಗೆ ತಕ್ಕಡಿಯಲ್ಲಿ ಏನಾಗ್ತಿದೆ ಅಂತ ಗೊತ್ತಾಗ್ಬಿಡುತ್ತೆ. ಆ ಶಾಲೇಲಿ ಓದಿದ ಬು ಚುನ್ ಹ್ವಾ, ಕಿಮ್ ಒಕ್ ರ್ಯೊನ್, ಬು ದೊಕ್ ರ್ಯಾಂಗ್, ಮೂವರೂ 20 ಚಿಲ್ಲರೆ ವಯಸ್ಸಿನವರು, ಅವ್ರೇ ಮುಂದೆ ನಿಂತ್ರು. 1932ರ ಜನವರಿ 7ಕ್ಕೆ ಸೇಹ್ವಾ ಸಂತೆಗೆ ಮೆರವಣಿಗೆ, ಜನವರಿ 12ಕ್ಕೆ ಆಡಳಿತಾಧಿಕಾರಿ ಆ ದಾರೀಲಿ ಬಂದಾಗ ಸುಮಾರು ಸಾವಿರ ಹೆಂಗಸರು ಕೈಯಲ್ಲಿ ಅದೇ ಬಿಚ್ಚಾಂಗು, ಕಳೆ ಕೀಳೋ ಕುಡುಗೋಲು ಹಿಡ್ಕೊಂಡು ಅವನ ಕಾರಿಗೆ ಮುತ್ತಿಗೆ ಹಾಕಿದ್ರು. ಆ ಒಂದು ಸರಣೀಲಿ ಸಣ್ಣದು ದೊಡ್ಡದು ಸೇರಿ 238 ಸಭೆ ಮೆರವಣಿಗೆ ನಡೆದ್ವು, ಬಂದವರ ಒಟ್ಟು ಲೆಕ್ಕ 17,000. ಕಾರು ನಿಲ್ಲಿಸಿ ಮಾತು ಕೊಟ್ಟವನು ಆಮೇಲೆ ಪೊಲೀಸರನ್ನ ಕಳಿಸಿದ, ಮೂವರೂ ಜೈಲಿಗೆ ಹೋದ್ರು, ಬು ದೊಕ್ ರ್ಯಾಂಗ್ 1939ರಲ್ಲಿ, 30 ದಾಟೋ ಮೊದಲೇ ತೀರ್ಕೊಂಡ್ರು.

ಇದು ಯಾಕೆ ಮುಖ್ಯ ಅಂದ್ರೆ, ಬುಲ್‌ತೊಕ್‌ನ ಬೆಂಕಿ ಸುತ್ತ ಕಟ್ಟಿದ ಒಗ್ಗಟ್ಟು ಸಾಮ್ರಾಜ್ಯದ ಎದುರಿಗೂ ನಿಲ್ತು. ಹೊರಗಿನವರು ಹೊಡೆದಾಗ ಅದು ಮುರೀಲಿಲ್ಲ. ಮುರಿದಿದ್ದು ಆಮೇಲೆ.

ಎರಡನೇ ಮಹಾಯುದ್ಧದ ಕೊನೆಗೆ ಅಮೆರಿಕ ಜೇಜು ಮೇಲಿಂದ ಬರ್ಬಹುದು ಅಂತ ಜಪಾನ್ ಹತ್ತಾರು ಸಾವಿರ ಸೈನಿಕರನ್ನ ತಂದು ತುಂಬ್ತು, ದ್ವೀಪದವರನ್ನ ಹಿಡಿದು ಸುರಂಗ ತೋಡಿಸಿದ್ರು, ಸೊಂಗಾಕ್ಸಾನ್ ಅನ್ನೋ ಕಡಲ ಬಂಡೇಲಿ ಸಾಲಾಗಿ ಕೊರೆದ ಗುಹೆಗಳು ಈಗಲೂ ಕಾಣ್ತವೆ, ಸ್ಫೋಟಕ ತುಂಬಿದ ದೋಣಿಗಳನ್ನ ಬಚ್ಚಿಡೋಕೆ ತೋಡಿಸಿದ್ದು. 1945ರ ಆಗಸ್ಟ್‌ಗೆ ಜಪಾನ್ ಸೋತು ಹೋಯ್ತು. ಜನ ಬಿಡುಗಡೆ ಅಂದ್ಕೊಂಡ್ರು. ಆದ್ರೆ ಕೊರಿಯಾ 38ನೇ ಅಕ್ಷಾಂಶದಲ್ಲಿ ಎರಡು ಹೋಳಾಯ್ತು, ದಕ್ಷಿಣಕ್ಕೆ ಅಮೆರಿಕದ ಸೇನಾ ಆಡಳಿತ, ಜಪಾನಿನ ಕೆಳಗೆ ಕೆಲಸ ಮಾಡಿದ್ದ ಪೊಲೀಸರೇ ಮತ್ತೆ ಪೊಲೀಸರು. ಜಪಾನಿಂದ ಸುಮಾರು 60,000 ಜನ ದ್ವೀಪಕ್ಕೆ ವಾಪಸ್ ಬಂದ್ರು, ಅಲ್ಲಿಂದ ಬರ್ತಿದ್ದ ದುಡ್ಡು ನಿಂತೋಯ್ತು, 1946ರಲ್ಲಿ ಕಾಲರಾ, ಅದರ ಮೇಲೆ ಬೆಳೆ ಕೈಕೊಡ್ತು.

1947ರ ಮಾರ್ಚ್ 1ಕ್ಕೆ ಜೇಜು ಪೇಟೇಲಿ ಸಭೆ. ಕುದುರೆ ಮೇಲಿದ್ದ ಪೊಲೀಸನ ಕುದುರೆ ಒಂದು ಮಗುವಿಗೆ ತಾಗ್ತು, ಅವನು ನೋಡ್ದೆ ಹೊರಟ, ಜನ ಕಲ್ಲು ಎಸೆದ್ರು, ಪೊಲೀಸರು ಗುಂಡು ಹಾರಿಸಿದ್ರು, 6 ಜನ ಸತ್ರು. ಇಡೀ ದ್ವೀಪ ಬಂದ್ ಆಯ್ತು, ಸರ್ಕಾರಿ ನೌಕರರೂ ಕೆಲಸ ಬಿಟ್ರು. ಮೇಲಿನವರು ಅದನ್ನ ಕೆಂಪು ದ್ವೀಪ, ಅಂದ್ರೆ ಕಮ್ಯುನಿಸ್ಟರ ದ್ವೀಪ ಅಂತ ಹೆಸರಿಟ್ಟು ಮುಖ್ಯ ಭೂಮಿಯಿಂದ ಪೊಲೀಸರನ್ನ, ಉತ್ತರದಿಂದ ಓಡಿಬಂದಿದ್ದ ಕಮ್ಯುನಿಸ್ಟ್ ವಿರೋಧಿ ಯುವಕರ ಗುಂಪನ್ನ ತಂದು ಬಿಟ್ರು, ಹಿಡಿಯೋದು ಹೊಡೆಯೋದು ಸುಲಿಯೋದು ಒಂದು ವರ್ಷ ನಡೀತು. 1948ರ ಏಪ್ರಿಲ್ 3ರ ಬೆಳಗಿನ ಜಾವ ಸುಮಾರು 350 ಜನ ಎಡಪಂಥೀಯ ಬಂಡುಕೋರರು ಬೆಟ್ಟದಿಂದ ಇಳಿದು 12 ಪೊಲೀಸ್ ಠಾಣೆ ಮೇಲೆ ದಾಳಿ ಮಾಡಿದ್ರು, ಕೊರಿಯಾನ ಶಾಶ್ವತವಾಗಿ ಎರಡು ಮಾಡೋ ಮೇ ಚುನಾವಣೆ ಬೇಡ ಅನ್ನೋದು ಅವ್ರ ಮಾತು. ಇದಕ್ಕೆ ಕೊರಿಯಾದಲ್ಲಿ ಹೆಸರೇ 4·3, ತಾರೀಖಿನ ಹೆಸರು. ಆ ವರ್ಷ ಅಕ್ಟೋಬರ್ 17ಕ್ಕೆ ಸೇನೆ ಒಂದು ಆಜ್ಞೆ ಹೊರಡಿಸ್ತು, ದಡದಿಂದ 5 ಕಿಲೋಮೀಟರ್ ದಾಟಿ ಬೆಟ್ಟದ ಕಡೆ ಯಾರು ಕಂಡ್ರೂ ಗುಂಡು. ಬೆಟ್ಟದ ಬುಡದ ಊರುಗಳನ್ನ ಸುಟ್ರು, ಬದುಕಿದವರು ಕಡಲ ದಡದ ಊರಿಗೆ, ಅಂದ್ರೆ ಹೇನ್ಯೊಗಳ ಊರಿಗೆ ಓಡಿಬಂದ್ರು. 1954ರ ಸೆಪ್ಟೆಂಬರಲ್ಲಿ ಹಲ್ಲಾಸಾನ್ ಬೆಟ್ಟ ಜನಕ್ಕೆ ಮತ್ತೆ ತೆರೆಯೋ ಹೊತ್ತಿಗೆ ಸತ್ತವರು 25,000ದಿಂದ 30,000 ಅಂತ ಅಂದಾಜು, ದ್ವೀಪದ ಹತ್ತರಲ್ಲಿ ಒಬ್ಬರು. ಮುಂದೆ ಸರ್ಕಾರವೇ ಮಾಡಿದ ತನಿಖೆಯಲ್ಲಿ, ದಾಖಲಾದ ಬಲಿಗಳಲ್ಲಿ ನೂರಕ್ಕೆ 78 ಜನರನ್ನ ಕೊಂದಿದ್ದು ಸರ್ಕಾರದ ಕಡೆಯವರು, ಸುಮಾರು 13 ಜನರನ್ನ ಬಂಡುಕೋರರು ಅಂತ ಬಂತು.

ಅಂಕಿ ಹೇಳಿದ್ರೆ ಏನೂ ಗೊತ್ತಾಗಲ್ಲ, ಇದು ಊರೊಳಗೆ ಹೇಗೆ ಕೆಲಸ ಮಾಡ್ತು ಅನ್ನೋದು ನೋಡ್ಬೇಕು. ರಾತ್ರಿ ಬೆಟ್ಟದವರು ಬಂದು ಅಕ್ಕಿ ಕೇಳ್ತಾರೆ, ಕೊಡ್ಲಿಲ್ಲ ಅಂದ್ರೆ ಅವ್ರು ಕೊಲ್ತಾರೆ, ಕೊಟ್ರೆ ಬೆಳಿಗ್ಗೆ ಸೈನಿಕರು ಕೊಲ್ತಾರೆ. ಮನೆಮನೆ ಪಟ್ಟಿ ಹಿಡ್ಕೊಂಡು ಬರೋರು, ಪಟ್ಟೀಲಿರೋ ಹುಡುಗ ಮನೇಲಿಲ್ಲ ಅಂದ್ರೆ ಅವನು ಬೆಟ್ಟ ಹತ್ತಿದ್ದಾನೆ ಅಂತ ಅರ್ಥ, ಅವನ ಬದಲು ಅಪ್ಪನೋ ಅಮ್ಮನೋ ಹೆಂಡತಿನೋ. ಇದಕ್ಕೆ ಒಂದು ಪದವೇ ಹುಟ್ಕೊಳ್ತು, ದೇಸಾಲ್, ಬದಲಿ ಕೊಲೆ. ಆ ಹುಡುಗ ಬೆಟ್ಟಕ್ಕೆ ಹೋದ ಅಂತ ಯಾರು ಹೇಳಿದ್ರು? ಊರಿನವರೇ ಯಾರೋ ಹೇಳಿರ್ಬೇಕು, ಹೊಡೆತ ತಡೀಲಾರ್ದೆ ಹೇಳಿರ್ಬಹುದು, ತನ್ನ ಮಗು ಉಳಿಸ್ಕೊಳ್ಳೋಕೆ ಹೇಳಿರ್ಬಹುದು. ಉಳಿದವರ ಕೈಗೆ ಬಿದಿರಿನ ಈಟಿ ಕೊಟ್ಟು ಊರು ಕಾಯೋಕೆ ನಿಲ್ಲಿಸ್ತಿದ್ರು, ಊರ ಸುತ್ತ ಕಲ್ಲಿನ ಗೋಡೆ ಕಟ್ಟಿಸ್ತಿದ್ರು, ಗಂಡಸರು ಉಳಿದಿಲ್ಲದ ಊರಲ್ಲಿ ಆ ಕಲ್ಲು ಹೊತ್ತವರು, ಈಟಿ ಹಿಡಿದು ನಿಂತವರು ಹೆಂಗಸರು ಮಕ್ಕಳೇ.

ಬುಕ್‌ಚೊನ್ ಅಂತ ಈಶಾನ್ಯ ದಡದಲ್ಲಿ ಒಂದು ಊರು. 1949ರ ಜನವರಿ 17ರ ಬೆಳಿಗ್ಗೆ ಊರ ಹತ್ರ ಬಂಡುಕೋರರ ದಾಳೀಲಿ ಇಬ್ಬರು ಸೈನಿಕರು ಸತ್ರು. ಊರ ಹಿರಿಯರೇ ಹೆಣ ಹೊತ್ಕೊಂಡು ಹೋಗಿ ಸೇನೆಗೆ ಒಪ್ಪಿಸಿದ್ರು. ಸೈನಿಕರು ಬಂದು ಮನೆಗಳಿಗೆ ಬೆಂಕಿ ಇಟ್ಟು, ಮುದುಕರು ಮಕ್ಕಳು ಅಂತ ನೋಡ್ದೆ ಎಲ್ರನ್ನೂ ಶಾಲೆ ಮೈದಾನಕ್ಕೆ ತಂದು ನಿಲ್ಲಿಸಿದ್ರು. ಆಮೇಲೆ ಸೈನಿಕರ, ಪೊಲೀಸರ ಮನೆಯವರು ಯಾರಿದ್ದೀರಿ, ಈ ಕಡೆ ಬನ್ನಿ ಅಂತ ಬೇರೆ ಮಾಡಿದ್ರು. ಉಳಿದವರನ್ನ ಹತ್ತಾರು ಜನರ ಗುಂಪು ಮಾಡಿ ಪಕ್ಕದ ಹೊಲಗಳಿಗೆ ಕರ್ಕೊಂಡು ಹೋಗಿ ಗುಂಡು ಹಾರಿಸಿದ್ರು. 300ಕ್ಕೂ ಜಾಸ್ತಿ ಜನ.

ಆ ಮೈದಾನದಲ್ಲಿ ಸ್ವಲ್ಪ ಹೊತ್ತು ನಿಂತು ಯೋಚನೆ ಮಾಡಿ. ನಿಮ್ಮ ಭಾವನೋ ಮೈದುನನೋ ಪೊಲೀಸಿನಲ್ಲಿ ಇದ್ದಾನೆ, ನೀವು ಆ ಕಡೆ ಹೋಗ್ಬಹುದು. ನಿಮ್ಮ ಪಕ್ಕದಲ್ಲಿ ನಿಂತಿರೋಳು ಹೋದ ವಾರ ನೀರಲ್ಲಿ ನಿಮ್ಮ ಬುರುಡೆ ಕಾದವಳು, ಅವಳು ಹೋಗಂಗಿಲ್ಲ. ಅವಳ ಮಗೂನ ನನ್ನದು ಅಂತ ಹೇಳಿ ಎತ್ಕೊಂಡು ಹೋಗೋಣ ಅಂದ್ರೆ ನಿಮ್ಮ ಮನೆಯವರೆಲ್ಲಾ ಸಾಯ್ಬೇಕಾಗುತ್ತೆ. ನೀವು ಕಣ್ಣು ತಗ್ಗಿಸಿ ನಡೀತೀರಿ. ನೀರೊಳಗಿನ ಮೊದಲ ನಿಯಮ ಜೊತೆಯವಳನ್ನ ಬಿಟ್ಟು ಬರ್ಬಾರ್ದು ಅನ್ನೋದು, ದಡದ ಮೇಲೆ ಬಿಟ್ಟು ಬಂದವರು ಮಾತ್ರ ಬದುಕಿದ್ರು. ಈ ದ್ವೀಪದ ಕಥೆ ಬರೆಯೋರು ಎಲ್ಲಾ ಬಿಟ್ಟು ಗೆಳೆತನವನ್ನೇ ಯಾಕೆ ಹಿಡ್ಕೋತಾರೆ ಅಂದ್ರೆ, 4·3 ಕಡಿದಿದ್ದು ಆ ದಾರವನ್ನೇ ಅಂತ ನಾನು ತಿಳ್ಕೊಂಡಿದ್ದೀನಿ.

ಮಾತಾಡ್ಕೊಂಡು ಅತ್ತು ಹಗುರ ಆಗ್ಬಹುದಿತ್ತು ಅಲ್ವಾ? ಅದಕ್ಕೂ ಬಿಡ್ಲಿಲ್ಲ. 1950ಕ್ಕೆ ಕೊರಿಯಾ ಯುದ್ಧ ಶುರುವಾದಾಗ ಸಂಶಯ ಇದ್ದವರನ್ನೆಲ್ಲಾ ಮುಂಜಾಗ್ರತೆ ಅಂತ ಹಿಡಿದು ಕೊಂದ್ರು, ಸೊದಾಲೊರುಮ್ ಅನ್ನೋ ಗುಡ್ಡದ ಹತ್ರ ಸತ್ತವರ ಮೂಳೆ ಮನೆಯವರ ಕೈಗೆ ಸಿಗೋಕೇ ವರ್ಷಗಳು ಹಿಡೀತು, ಅಷ್ಟೊತ್ತಿಗೆ ಯಾರದ್ದು ಯಾವುದು ಅಂತ ಗೊತ್ತಾಗ್ದೆ ಎಲ್ರನ್ನೂ ಒಟ್ಟಿಗೆ ಮಣ್ಣು ಮಾಡಿ, ನೂರು ಹಿರಿಯರಿಗೆ ನಾವೆಲ್ಲಾ ಸೇರಿ ಒಬ್ಬನೇ ಮೊಮ್ಮಗ ಅನ್ನೋ ಅರ್ಥ ಬರೋ ಹಾಗೆ ಆ ಜಾಗಕ್ಕೆ ಹೆಸರಿಟ್ರು. ಇನ್ನೊಂದು ಕಡೆ ಜೇಜುವಿನ ಸುಮಾರು 3,000 ಹುಡುಗ ಹುಡುಗೀರು ತಾವು ಕೆಂಪಲ್ಲ ಅಂತ ತೋರಿಸೋಕೆ ಮೆರೀನ್ ಪಡೆಗೆ ಸೇರಿದ್ರು. 4·3ರಲ್ಲಿ ಸತ್ತವರ ಮನೆಯವರಿಗೆ ಸರ್ಕಾರಿ ಕೆಲಸ ಇಲ್ಲ, ಹೊರದೇಶಕ್ಕೆ ಹೋಗೋ ಹಾಗಿಲ್ಲ, ಈ ಕಟ್ಟು 1980ರವರೆಗೂ ಇತ್ತು. ಬುಕ್‌ಚೊನ್‌ನಲ್ಲೇ 1954ರಲ್ಲಿ ಊರವರು ಅದೇ ಶಾಲೆ ಮೈದಾನದಲ್ಲಿ ಸೇರಿದ್ದಾಗ ಸತ್ತವರ ನೆನಪು ಬಂದು ಅಯ್ಗೊ ಅಂತ ಗೋಳಾಡಿ ಅತ್ರು, ನಮ್ಮ ಅಯ್ಯೋ ಥರದ್ದೇ ಅದು. ಅತ್ತಿದ್ದಕ್ಕೆ ಪೊಲೀಸ್ ವಿಚಾರಣೆ ಆಯ್ತು, ಇನ್ಮೇಲೆ ಹೀಗೆ ಮಾಡಲ್ಲ ಅಂತ ಊರಿನ ಮುಖಂಡನ ಹತ್ರ ಬರೆಸ್ಕೊಂಡ್ರು.

ಹಾಗಾಗಿ ಇದನ್ನ ಮೊದಲು ಗಟ್ಟಿಯಾಗಿ ಹೇಳಿದ್ದು ಇತಿಹಾಸದ ಪುಸ್ತಕ ಅಲ್ಲ, ಕಥೆ. 1978ರಲ್ಲಿ ಜೇಜುವಿನವರೇ ಆದ ಹ್ಯೊನ್ ಕಿ ಯೊಂಗ್ ಬುಕ್‌ಚೊನ್ ಹತ್ಯಾಕಾಂಡದ ಮೇಲೆ 'ಸುನಿ ಸಾಮ್‌ಚೊನ್' ಅಂತ ಒಂದು ಕಥೆ ಬರೆದ್ರು. ಸಾಮ್‌ಚೊನ್ ಅಂದ್ರೆ ಕೊರಿಯಾದಲ್ಲಿ ಚಿಕ್ಕಪ್ಪ, ಆದ್ರೆ ಜೇಜು ಕಡೆ ಹತ್ತಿರದ ಹಿರಿಯರು ಗಂಡಾಗ್ಲಿ ಹೆಣ್ಣಾಗ್ಲಿ ಎಲ್ರಿಗೂ ಅದೇ ಮಾತು, ಕಥೆಯ ಸುನಿ ಒಬ್ಬ ಹೆಂಗಸು, ಹೊಲದಲ್ಲಿ ನಡೆದ ಗುಂಡಿನ ಸುರಿಮಳೆಯಲ್ಲಿ ಬದುಕಿ ಉಳಿದವಳು. ಬರೆದಿದ್ದಕ್ಕೆ ಲೇಖಕರನ್ನ ಹಿಡಿದು ಚಿತ್ರಹಿಂಸೆ ಕೊಟ್ರು, ಪುಸ್ತಕ ನಿಷೇಧ ಆಯ್ತು. ಸರ್ಕಾರ ಸತ್ಯಶೋಧನೆಗೆ ಕಾನೂನು ಮಾಡಿದ್ದು 2000ದಲ್ಲಿ, ಅಧ್ಯಕ್ಷ ರೊ ಮೂ ಹ್ಯುನ್ ದ್ವೀಪಕ್ಕೆ ಬಂದು ಕ್ಷಮೆ ಕೇಳಿದ್ದು 2003ರ ಅಕ್ಟೋಬರ್ 31ಕ್ಕೆ. ಅಂದ್ರೆ 25ಕ್ಕೆ ವಿಧವೆ ಆದವಳು ಆ ಮಾತು ಕೇಳೋ ಹೊತ್ತಿಗೆ 80.

ಈ ನಡುವಿನ ವರ್ಷಗಳಲ್ಲಿ ಅವ್ರು ಮತ್ತೆ ನೀರಿಗೆ ಇಳಿದ್ರು. ಬೇರೆ ದಾರಿ ಇರ್ಲಿಲ್ಲ, ಸುಟ್ಟ ಮನೆ ಕಟ್ಟಬೇಕು, ಮಕ್ಕಳ ಫೀಸು ಕಟ್ಟಬೇಕು. ಕೆಲವು ಊರಲ್ಲಿ ಸಮುದ್ರದ ಒಂದು ಭಾಗಕ್ಕೆ ಶಾಲೆ ಕಡಲು ಅಂತ ಹೆಸರಿಟ್ಟು ಅಲ್ಲಿ ಬಂದ ದುಡ್ಡಲ್ಲಿ ಶಾಲೆ ಕಟ್ಟಿಸಿದ್ರು. 1960ರ ದಶಕದಲ್ಲಿ ಇವ್ರು 20,000ಕ್ಕೂ ಜಾಸ್ತಿ ಇದ್ರು, 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ರು, ಈಗ ಉಳಿದಿರೋದು 3,000ಕ್ಕಿಂತ ಕಮ್ಮಿ, ಅದರಲ್ಲೂ ಹೆಚ್ಚಿನವರು 60 ದಾಟಿದವರು. ಆ ಮೈದಾನದಲ್ಲಿ ಎರಡು ಕಡೆ ನಿಂತವರೂ ಅದೇ ಊರಿನವರೇ, ಇಳಿಯೋಕೆ ಇರೋದೂ ಊರ ಮುಂದಿನ ಅದೇ ಕಡಲು. ಇಂಥ ಕಾದಂಬರಿ ಓದೋವಾಗ ಯಾರು ತಪ್ಪು ಮಾಡಿದ್ರು ಅಂತ ಹುಡುಕೋದಕ್ಕಿಂತ ಬೆಂಕಿ ಸುತ್ತ ಯಾರು ಯಾರ ಪಕ್ಕ ಕೂರ್ತಾರೆ, ಯಾರು ಎದ್ದು ಹೋಗ್ತಾರೆ ಅಂತ ನೋಡ್ತಾ ಹೋಗಿ, ಅಲ್ಲಿ ಜಾಸ್ತಿ ಸಿಗುತ್ತೆ.

ಬುಕ್‌ಚೊನ್‌ನಲ್ಲಿ ರಸ್ತೆ ಪಕ್ಕ ಪೈನ್ ಮರಗಳ ನಡುವೆ ಕಲ್ಲು ಜೋಡಿಸಿದ ಚಿಕ್ಕ ಚಿಕ್ಕ ಗೋರಿಗಳಿವೆ, ಮಕ್ಕಳವು, ಒಂದು ಮೊರದಷ್ಟು ಅಗಲ ಇರ್ಬಹುದು ಅಷ್ಟೇ, ಬಂದವರು ಅಲ್ಲಿ ಆಟದ ಸಾಮಾನು, ಮಿಠಾಯಿ ಇಟ್ಟು ಹೋಗ್ತಾರೆ. ಚಾಂದ್ರಮಾನ ಲೆಕ್ಕದಲ್ಲಿ ಹನ್ನೆರಡನೇ ತಿಂಗಳ ಹತ್ತೊಂಬತ್ತು ಬಂತು ಅಂದ್ರೆ ಆ ಊರಲ್ಲಿ ಮನೆಮನೇಲೂ ತಿಥಿ, ಆ ಮನೆಯವರೂ ಈ ಮನೆಯವರೂ ಅದೇ ಒಂದು ದಿನಕ್ಕೆ ಅನ್ನ ಮಾಡಿ, ಮೀನು ಬೇಯಿಸಿ, ಸತ್ತವರ ಮುಂದೆ ಇಡ್ತಾರೆ.